ಬೀದರದ ಕೋಟೆಗೆ ಒಂದು ದಿನದ ಪ್ರವಾಸ

ಆರು ನೂರು ವರುಷಗಳ ಹಿಂದೆ ಒಂದು ರಾಜಧಾನಿಯು ಕಲಬುರಗಿಯನ್ನು ಬಿಟ್ಟು ಬೀದರಕ್ಕೆ ಹೋಯಿತು. ಆನೆ, ಕುದುರೆ, ಬೊಕ್ಕಸ, ದಫ್ತರಗಳೊಡನೆ ಸುಲ್ತಾನನ ಪರಿವಾರವು ದಿನಗಟ್ಟಲೆ ಸಾಗಿರಬಹುದಾದ ಆ ಸೀಮೆಯನ್ನು ಈಗ ರೈಲುಗಾಡಿಯು ಒಂದು ಹೊತ್ತಿನಲ್ಲಿ ದಾಟುತ್ತದೆ. ಈ ಎರಡು ಊರುಗಳನ್ನು ನೇರವಾಗಿ ಕೂಡಿಸುವ ಸುಮಾರು 110 ಕಿಲೋಮೀಟರು ಉದ್ದದ ಹಾದಿಯು ತೆರೆದದ್ದು 2017ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ. ಅದಕ್ಕೂ ಮೊದಲು, ರೈಲಿನಲ್ಲಿಯೇ ಹೋಗಬೇಕೆಂದವರು ವಾಡಿ, ತಾಂಡೂರು, ವಿಕಾರಾಬಾದುಗಳನ್ನು ಬಳಸಿಕೊಂಡು, ಮೂಗನ್ನು ತಲೆಯ ಹಿಂದಿನಿಂದ ಕೈ ತಂದು ಮುಟ್ಟಿದಂತೆ, ಸುತ್ತಿ ಹೋಗಬೇಕಾಗಿತ್ತು.

ನಮ್ಮ ತಂದೆಯವರು ಮೂವತ್ತು ವರುಷ ಶಾಲೆಯಲ್ಲಿ ಇತಿಹಾಸವನ್ನು ಕಲಿಸಿದವರು. ಬಹಮನಿ ರಾಜ್ಯದ ಪಾಠವೆಂದರೆ ಅವರಿಗೆ ಬಲು ಪ್ರೀತಿ. ಆದರೆ ಬೀದರದ ಕೋಟೆಯನ್ನು ಅವರು ಕಂಡಿರಲಿಲ್ಲ. ಎರಡು ಸಲ ಮದುವೆಗಳಿಗೆಂದು ಆ ಊರಿಗೆ ಹೋದದ್ದುಂಟು. ಆದರೆ ಮದುವೆಗೆ ಹೋದವರು ಅಕ್ಷತೆ ಹಾಕಿ, ಊಟ ಮಾಡಿ, ಕಡೆಯ ಮೋಟಾರನ್ನು ಹಿಡಿದು ಮರಳಿ ಬರುತ್ತಾರಲ್ಲದೆ ಕೋಟೆ ನೋಡುವವರಾರು? “ಇನ್ನೊಮ್ಮೆ ನೋಡಿದರಾಯಿತು” ಎಂಬ ಮಾತಿನಲ್ಲಿಯೇ ಆಯುಷ್ಯದ ಬಹುಭಾಗವು ಕಳೆಯಿತು. ಈಚೆಗೆ ಅವರಿಗೆ ಕಣ್ಣಿನ ಒಳಗಿನ ಒತ್ತಡ ಹೆಚ್ಚುವ ಗ್ಲಾಕೋಮಾ ಎಂಬ ಬೇನೆ ತಗಲಿದೆ. ಈ ಬೇನೆಯಲ್ಲಿ ಮೊದಲು ಪಕ್ಕದ ನೋಟ ಹೋಗುತ್ತದೆ. ಮುಂದಿನದು ಮಾತ್ರ, ಬಿದಿರಿನ ಕೊಳವೆಯಲ್ಲಿ ಹಾಯ್ದು ನೋಡಿದಂತೆ, ಅಷ್ಟಿಷ್ಟು ಉಳಿಯುತ್ತದೆ. ಹೋದ ದೃಷ್ಟಿಯು ಮರಳಿ ಬಾರದು, ಇದ್ದುದನ್ನು ಔಷಧದಿಂದ ಕಾಯ್ದುಕೊಳ್ಳಬೇಕು ಎಂದು ವೈದ್ಯರು ಹೇಳಿದ ದಿನ ತಂದೆಯವರು ಮನೆಗೆ ಬಂದು ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ ಅವರು ಆಡಿದ್ದು ಒಂದೇ ಮಾತು: “ಬೀದರದ ಕೋಟಿ ನೋಡೋದು ಉಳೀತು.”

ಇನ್ನು ತಡ ಮಾಡುವದು ಯೋಗ್ಯವಲ್ಲವೆಂದು ನಾವು ಆಗಲೇ ನಿಶ್ಚಯಿಸಿದೆವು. ದೀಪಾವಳಿ ಕಳೆದು, ಬಿಸಿಲಿನ ಉರಿ ಇಳಿದ ಮೇಲೆ, ಮಕ್ಕಳಿಗೆ ರಜೆಯಿದ್ದ ಒಂದು ದಿನವನ್ನು ಗೊತ್ತು ಮಾಡಿದೆವು. ತಂದೆತಾಯಿಗಳು, ನಾವಿಬ್ಬರು, ಹನ್ನೊಂದು ವರುಷದ ಮಗಳು, ಏಳು ವರುಷದ ಮಗ, ಹೀಗೆ ಆರು ಜನ. ಹಿಂದಿನ ರಾತ್ರಿಯೇ ಬುತ್ತಿಯ ಸಿದ್ಧತೆ ನಡೆಯಿತು. ಕಟಕ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾದ ಹಿಂಡಿ, ಗಟ್ಟಿ ಮೊಸರು, ಮಕ್ಕಳಿಗಾಗಿ ಶೇಂಗಾದ ಹೋಳಿಗೆ. ಮನೆಯವರು ಬುತ್ತಿಯನ್ನು ಕಟ್ಟುತ್ತಿರುವಾಗ ನಾವು ಒಂದು ಕಾಗದದ ಮೇಲೆ ಕೋಟೆಯಲ್ಲಿ ನೋಡತಕ್ಕ ಸ್ಥಳಗಳ ಯಾದಿಯನ್ನು ಬರೆದುಕೊಂಡೆವು. ಹದಿನೈದು ಹೆಸರುಗಳಾದವು. ಪ್ರತಿಯೊಂದರ ಮುಂದೆ ಎಷ್ಟು ನಿಮಿಷವೆಂಬುದನ್ನೂ ಬರೆದೆವು. ಆ ಯಾದಿಯ ವಿಷಯ ಮುಂದೆ ಬರುವದು.

ಬೆಳಗಿನ ಗಾಡಿಯು ಕಲಬುರಗಿಯ ನಿಲ್ದಾಣವನ್ನು ಬಿಟ್ಟು ಈಶಾನ್ಯಕ್ಕೆ ತಿರುಗಿತು. ಎರಡೂ ಕಡೆಗೆ ಕರಿಯ ಎರೆನೆಲ, ಹಳದಿ ಹೂ ತಳೆದು ನಿಂತ ತೊಗರಿಯ ಹೊಲಗಳು. ತಂದೆಯವರನ್ನು ಕಿಟಕಿಯ ಬಳಿ ಕೂಡ್ರಿಸಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಮೊಮ್ಮಕ್ಕಳನ್ನು ಹತ್ತಿರ ಕರೆದು ಒಂದು ಕರಾರು ಹಾಕಿದರು: “ಕಣ್ಣಿದ್ದವರು ನೋಡಿ ಹೇಳ್ರಿ. ನಾ ಕೇಳ್ಕೋತ ಬರ್ತೀನಿ. ಅದರ ಹಿಂದಿನ ಕತಿ ನಾ ಹೇಳ್ತೀನಿ.” ಮಕ್ಕಳಿಗೆ ಇದು ಆಟದಂತೆ ತೋರಿತು. ಮಗನು ಎತ್ತು, ಎಮ್ಮೆ, ವಿದ್ಯುತ್ತಿನ ಕಂಬ ಎಂದು ಕಂಡಕಂಡುದನ್ನೆಲ್ಲ ಕೂಗತೊಡಗಿದನು. ಮಗಳು ಮಾತ್ರ ಆರಿಸಿ ಆರಿಸಿ ಹೇಳಿದಳು.

ತಂದೆಯವರು ಕತೆಯನ್ನು ಕಲಬುರಗಿಯಿಂದಲೇ ಆರಂಭಿಸಿದರು. ದಿಲ್ಲಿಯ ತುಘಲಕರ ಹಿಡಿತವು ದಖ್ಖಣದಲ್ಲಿ ಸಡಿಲಾದಾಗ, 1347ರಲ್ಲಿ ಅಲ್ಲಾವುದ್ದೀನ ಹಸನನೆಂಬ ಸರದಾರನು ಸ್ವತಂತ್ರನಾಗಿ ಬಹಮನಿ ರಾಜ್ಯವನ್ನು ಸ್ಥಾಪಿಸಿದನು. ಕಲಬುರಗಿ ಅದರ ರಾಜಧಾನಿಯಾಯಿತು. 1422ರಲ್ಲಿ ಗಾದಿಗೆ ಬಂದ ಅಹಮದಶಾಹನು ಕೆಲವು ವರುಷಗಳಲ್ಲಿಯೇ ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದನು. ಬೇಟೆಯಲ್ಲಿ ಒಂದು ನರಿಯು ಹೆದರದೆ ನಾಯಿಗಳ ಮೇಲೆಯೇ ತಿರುಗಿ ಬಿದ್ದುದನ್ನು ಕಂಡು, ಈ ನೆಲದಲ್ಲಿಯೇ ಶೌರ್ಯವಿದೆಯೆಂದು ಅವನು ಆ ಸ್ಥಳವನ್ನು ಆರಿಸಿದನೆಂಬ ಕತೆಯುಂಟು. “ಕತಿ ಚಲೋ ಅದ,” ಎಂದರು ತಂದೆಯವರು, “ಆದರ ಅರಸರು ನರಿ ನೋಡಿ ರಾಜಧಾನಿ ಕಟ್ಟೂದಿಲ್ಲ. ನೀರು, ಗಾಳಿ, ಎತ್ತರ ನೋಡ್ತಾರ.” ಬೀದರವು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕಲಬುರಗಿಗಿಂತ ಸುಮಾರು ಇನ್ನೂರು ಮೀಟರು ಮೇಲಕ್ಕಿದೆ. ಗಾಳಿ ಹಿತಕರ, ನೀರು ಸಿಹಿ. ಕನ್ನಡ, ಮರಾಠಿ, ತೆಲುಗು ಮಾತನಾಡುವ ಮೂರೂ ಸೀಮೆಗಳು ಕೂಡುವ ಸ್ಥಳವಾದುದರಿಂದ ವಿಸ್ತಾರವಾದ ರಾಜ್ಯವನ್ನು ಆಳುವದಕ್ಕೂ ಅನುಕೂಲ. ಹಳೆಯ ರಾಜಧಾನಿಯಲ್ಲಿ ಗಾದಿಗಾಗಿ ನಡೆದ ರಕ್ತಪಾತಗಳಿಂದ ದೂರವಾಗಬೇಕೆಂಬ ಇಚ್ಛೆಯೂ ಇದ್ದೀತು.

ಕಮಲಾಪುರದ ನಿಲ್ದಾಣ ಬಂತು. ಆ ಊರಿನ ಕೆಂಪು ಬಾಳೆಹಣ್ಣು ಪ್ರಸಿದ್ಧವಾದುದು. ಸಿಪ್ಪೆಯೆಲ್ಲ ಕೆಂಪು, ಒಳಗೆ ದಪ್ಪ ತಿರುಳು. ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗದಲ್ಲಿ ಗಾಡಿಯು ಹೊಕ್ಕಾಗ ಕಿಟಕಿಗಳೆಲ್ಲ ಒಮ್ಮೆಲೆ ಕಪ್ಪಾದವು. ಮಗನು ತಾಯಿಯನ್ನು ತಬ್ಬಿಕೊಂಡನು. “ಈಗ ಎಲ್ಲಾರೂ ನನ್ನಂಗ ಆದ್ರಿ ನೋಡು,” ಎಂದು ತಂದೆಯವರು ನಕ್ಕರು. ನಮಗೆ ನಗೆ ಬರಲಿಲ್ಲ. ಬೆಳಕು ಮರಳಿ ಬಂದಾಗ ನೋಡುತ್ತೇವೆ, ತಾಯಿಯವರು ಅವರ ಕೈಯನ್ನು ಹಿಡಿದುಕೊಂಡಿದ್ದರು.

ಹುಮನಾಬಾದ ದಾಟುವಾಗ ತಂದೆಯವರು ಇನ್ನೊಂದು ಸಂಗತಿಯನ್ನು ಹೇಳಿದರು. ಅಹಮದಶಾಹನ ಗೋರಿಯು ಬೀದರದ ಹೊರಗೆ ಅಷ್ಟೂರಿನಲ್ಲಿದೆ. ಅದರ ಒಳಮೈಗೆಲ್ಲ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ. ಮುಸಲ್ಮಾನರು ಅವನನ್ನು ವಲಿ ಎಂದು ಕರೆದರೆ, ಲಿಂಗವಂತರು ಅಲ್ಲಮಪ್ರಭುವಿನ ಹೆಸರಿನಲ್ಲಿ ನಡೆದುಕೊಳ್ಳುತ್ತಾರೆ. ಪ್ರತಿ ವರುಷ ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಹೋಗುವ ರೂಢಿಯಿದೆ. ಅರಸನು ಹೋದ ದಾರಿಯಲ್ಲಿ ಭಕ್ತರು ಇಂದಿಗೂ ಹೋಗುತ್ತಿರುವರೆಂದಾಯಿತು.

ಬೀದರದಲ್ಲಿಳಿದು ಆಟೋರಿಕ್ಷಾದಲ್ಲಿ ಕೋಟೆಯ ಬಾಗಿಲಿಗೆ ಬಂದೆವು. ಮೊದಲು ಕಣ್ಣಿಗೆ ಬೀಳುವದು ಬಣ್ಣ. ಗೋಡೆ, ಬುರುಜು, ಕಂದಕ, ನೆಲ, ಎಲ್ಲವೂ ಒಂದೇ ಕೆಂಪು. ಈ ಸೀಮೆಯ ಕರಿಕಲ್ಲಿನ ಮೇಲೆ ಜಂಬಿಟ್ಟಿಗೆಯ ದಪ್ಪನಾದ ಹೊದಿಕೆಯಿದೆ. ಈ ಕಲ್ಲಿನ ಸ್ವಭಾವ ವಿಚಿತ್ರವಾದುದು. ನೆಲದಲ್ಲಿದ್ದಾಗ ಸುಲಭವಾಗಿ ಕಡಿಯಲು ಬರುತ್ತದೆ. ಹೊರಗೆ ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೈಯೆಲ್ಲ ತೂತುತೂತಾದುದರಿಂದ ಮಳೆಯ ನೀರನ್ನು ಕುಡಿದು, ಕೆಳಗಿನ ಕರಿಕಲ್ಲಿನ ಮೇಲೆ ಹಿಡಿದಿಡುತ್ತದೆ. ಬೀದರದ ಸಿಹಿನೀರಿನ ಬಾವಿಗಳ ಗುಟ್ಟು ಇದೇ. ಊರ ಹೊರಗಿನ ನೌಬಾದಿನಲ್ಲಿ ಈ ಕಲ್ಲಿನೊಳಗೇ ಸುರಂಗವನ್ನು ಕೊರೆದು ನೀರು ಹರಿಸಿದ ‘ಕರೇಜ್’ ಎಂಬ ಕಾಲುವೆಯುಂಟು. ಪಾರಸೀ ದೇಶದ ಈ ವಿದ್ಯೆಯು ಬಹಮನಿಯರ ಕಾಲದಲ್ಲಿ ಇಲ್ಲಿಗೆ ಬಂದಿತು.

ಕೋಟೆಯ ಊರ ಕಡೆಯ ಮಗ್ಗುಲಿನಲ್ಲಿ ಒಂದರ ಪಕ್ಕಕ್ಕೊಂದು ಮೂರು ಕಂದಕಗಳಿವೆ. ಉಳಿದ ಕಡೆಗಳಲ್ಲಿ ಗುಡ್ಡದ ಕಡಿದಾದ ಇಳಿಜಾರಿರುವದರಿಂದ ನಿಸರ್ಗವೇ ಕಾವಲು. ಬಯಲಿಗೆ ಹತ್ತಿದ ಈ ಭಾಗದಲ್ಲಿ ಮಾತ್ರ ಮನುಷ್ಯನು ಹೆಚ್ಚು ಕಷ್ಟಪಡಬೇಕಾಯಿತು. ತಂದೆಯವರು ಕಂದಕದ ಅಂಚಿನಿಂದ ನಾಲ್ಕು ಹೆಜ್ಜೆ ಈಚೆಗೆ ನಿಂತು, ಶಾಲೆಯಲ್ಲಿ ಹೇಳುತ್ತಿದ್ದ ದನಿಯಲ್ಲಿಯೇ, “ಮೊದಲು ನೆಲಾ ಅಗದರು, ಆಮ್ಯಾಲ ನಡುವ ಎರಡು ಗೋಡಿ ಕಟ್ಟಿ ಮೂರು ಕಂದಕ ಮಾಡಿದರು,” ಎಂದರು.

ಮಗಳು ಬಗ್ಗಿ ನೋಡಿ ಸ್ವಲ್ಪ ತಡೆದು ಹೇಳಿದಳು: “ಮುತ್ಯಾ, ಗೋಡಿ ಕಟ್ಟಿಲ್ಲ.”

“ಸರಿಯಾಗಿ ನೋಡು. ಕಲ್ಲಿನ ಮ್ಯಾಲ ಕಲ್ಲು ಇಟ್ಟಿದ್ದು ಕಾಣಸ್ತದೇನು?”

“ಇಲ್ಲ. ಎಲ್ಲೂ ಸಂದಿ ಇಲ್ಲ. ತಳದಾಗಿಂದ ಒಂದೇ ಕಲ್ಲು ಮ್ಯಾಲ ಬಂದದ. ಮೂರು ಕಡೆ ಕಡದು ನಡುವಿಂದು ಹಂಗೇ ಬಿಟ್ಟಾರ.”

ತಂದೆಯವರು ನಮ್ಮ ಕಡೆಗೆ ತಿರುಗಿದರು. ನಾವೂ ನೋಡಿದೆವು. ಅವಳು ಹೇಳಿದ್ದು ನಿಜವಾಗಿತ್ತು. ನಡುವಣ ಗೋಡೆಗಳು ಕಟ್ಟಿದವುಗಳಲ್ಲ. ಬಂಡೆಯನ್ನು ಕೆಳಕ್ಕೆ ಕಡಿಯುತ್ತ ಹೋಗುವಾಗ ಬೇಕೆಂದೇ ಉಳಿಸಿದ ನೆಲದ ಕಲ್ಲು. ಒಂದು ಕಂದಕವನ್ನು ದಾಟಿದ ಶತ್ರುವು ಗೋಡೆಯನ್ನೇರಬೇಕು, ಇಳಿಯಬೇಕು, ಮತ್ತೆ ಏರಬೇಕು; ಅಷ್ಟರೊಳಗೆ ಮೇಲಿನಿಂದ ಬಾಣವೋ ಗುಂಡೋ ಬೀಳುತ್ತದೆ. ಕಟ್ಟಿದ ಗೋಡೆಯನ್ನು ಒಡೆಯಬಹುದು, ನೆಲವನ್ನು ಒಡೆಯುವದೆಂತು? ತಂದೆಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೂವತ್ತು ವರ್ಷ ತಪ್ಪು ಹೇಳೀನಿ,” ಎಂದರು. ಆ ದನಿಯಲ್ಲಿ ಬೇಸರವಿರಲಿಲ್ಲ. ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು, “ನಡಿ, ಮುಂದ ಏನದ ಹೇಳು,” ಎಂದರು.

ಮುಂದಿನದು ಶರ್ಜಾ ದರವಾಜೆ. ಬಾಗಿಲಿನ ಮೇಲ್ಗಡೆ ಎರಡು ಹುಲಿಗಳನ್ನು ಕೆತ್ತಿದ್ದಾರೆ. ಅವುಗಳಿಂದಲೇ ಬಾಗಿಲಿಗೆ ಆ ಹೆಸರು. ಅದನ್ನು ದಾಟಿದರೆ ಭಾರಿ ಗುಮ್ಮಟವನ್ನು ಹೊತ್ತ ಗುಂಬಜ ದರವಾಜೆ. ದಾರಿಯು ನೆಟ್ಟಗಿಲ್ಲ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವಾಗ ತಿರುವಿನಲ್ಲಿ ಹೋಗಬೇಕು. ಬಾಗಿಲು ಮುರಿಯಲು ಬರುವ ಆನೆಗೆ ಓಡಿ ಬರುವ ಅವಕಾಶ ಸಿಗಬಾರದೆಂಬದೇ ಅದರ ಉದ್ದೇಶ. ಕೋಟೆಗೆ ಒಟ್ಟು ಏಳು ಬಾಗಿಲುಗಳು, ಮೂವತ್ತೇಳು ಬುರುಜುಗಳು ಎಂದು ಲೆಕ್ಕವಿದೆ.

ನಾವು ಯಾದಿಯನ್ನು ಕೈಯಲ್ಲಿ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದೆವು. ಕಂದಕದ ಬಳಿ ಕಳೆದ ಹೊತ್ತಿನಿಂದ ನಮ್ಮ ಲೆಕ್ಕವೆಲ್ಲ ತಪ್ಪಿತ್ತು. ಅದನ್ನು ಸರಿಪಡಿಸುವ ಆತುರದಲ್ಲಿ, ಬಾಗಿಲಿನ ನೆರಳಿನಿಂದ ಬಿಸಿಲಿಗೆ ಬರುವಲ್ಲಿ ನೆಲವು ಏರುಪೇರಾಗಿದೆಯೆಂದು ಹಿಂದೆ ಬರುವವರಿಗೆ ಹೇಳಲಿಲ್ಲ. ತಂದೆಯವರ ಕಾಲು ಕಲ್ಲಿಗೆ ತಗಲಿತು. ಅಂಗೈ ಊರಿ ಬಿದ್ದರು. ಗಾಯ ದೊಡ್ಡದಲ್ಲ, ಎರಡೂ ಅಂಗೈಗಳ ತೊಗಲು ಕಿತ್ತು ಕೆಂಪು ಮಣ್ಣು ಹತ್ತಿತ್ತು. ಮನೆಯವರು ನೀರಿನಿಂದ ತೊಳೆದು ಕರವಸ್ತ್ರವನ್ನು ಕಟ್ಟಿದರು. ತಾಯಿಯವರು ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವದಿಲ್ಲ.

ರಂಗೀನ ಮಹಲು ಆ ಬಾಗಿಲಿಗೆ ಸಮೀಪದಲ್ಲಿಯೇ ಇದೆ. ಬಹಮನಿ ರಾಜ್ಯವು ಒಡೆದು ಐದು ಸುಲ್ತಾನರ ಪಾಲಾದ ಮೇಲೆ ಬೀದರವನ್ನು ಆಳಿದ ಬರೀದಶಾಹಿ ಮನೆತನದವರಲ್ಲಿ ಅಲಿ ಬರೀದನು 16ನೆಯ ಶತಮಾನದಲ್ಲಿ ಇದಕ್ಕೆ ಈ ರೂಪವನ್ನು ಕೊಟ್ಟನು. ಬೀಗ ಹಾಕಿತ್ತು. ಕಾವಲಿನವರಿಗೆ ವಿನಂತಿಸಲು, ತಂದೆಯವರ ಕಟ್ಟಿದ ಕೈಗಳನ್ನು ನೋಡಿ, ಬಂದು ತೆರೆದರು. ಒಳಗೆ ಮರದ ಕಂಬಗಳು. ಬೋದಿಗೆಗಳ ಮೇಲೆ ಅಂಗುಲವೂ ಬಿಡದಂತೆ ಕೆತ್ತನೆ. ಒಳಕೋಣೆಯ ಬಾಗಿಲಿಗೆ ಕರಿಕಲ್ಲಿನ ಚೌಕಟ್ಟು. ಅದರಲ್ಲಿ ಮುತ್ತಿನ ಚಿಪ್ಪನ್ನು ಎಳೆಎಳೆಯಾಗಿ ಕೂಡಿಸಿ ಬಳ್ಳಿಯನ್ನೂ ಅಕ್ಷರಗಳನ್ನೂ ಬಿಡಿಸಿದ್ದಾರೆ. ಮಗನು ಮೊದಲ ಸಲ ಕೂಗದೆ ಮೆಲ್ಲಗೆ ಮಾತಾಡಿದನು: “ಮುತ್ಯಾ, ಕರೀ ಕಲ್ಲಿನಾಗ ಬೆಳದಿಂಗಳು ಅದ.” ತಂದೆಯವರು ಆ ಹೊಳಪಿನ ಎದುರಿಗೆ ಮುಖವನ್ನು ಅತ್ತಿತ್ತ ಸರಿಸಿ, ತಮ್ಮ ಉಳಿದ ನೋಟದ ಕೊಳವೆಗೆ ಅದು ಸಿಕ್ಕಾಗ ನಿಂತರು. “ಹೌದು. ಒಂದು ಎಲಿ ಕಂಡಿತು,” ಎಂದರು.

ನಮ್ಮ ಯಾದಿಯಲ್ಲಿ ರಂಗೀನ ಮಹಲಿಗೆ ಹತ್ತು ನಿಮಿಷ. ಅಲ್ಲಿ ಮುಕ್ಕಾಲು ತಾಸು ಕಳೆಯಿತು.

ಅಲ್ಲಿಂದ ಮುಂದೆ ಸೋಲಾ ಖಂಬ ಮಸೀದಿ. ಬೀದರದ ಹಳೆಯ ಕಟ್ಟಡಗಳಲ್ಲಿ ಇದು ಒಂದು. ಇಲ್ಲಿ ದೊರೆತ ಶಾಸನದಲ್ಲಿ 1423-24ಕ್ಕೆ ಸರಿಯಾಗುವ ಹಿಜರಿ ವರುಷವಿದೆ. ಸುಮಾರು ಮುನ್ನೂರು ಅಡಿ ಉದ್ದದ ಮಂಟಪ. ಎದುರಿಗೆ ಕಾಣುವ ಹದಿನಾರು ಕಂಬಗಳಿಂದ ಇದಕ್ಕೆ ಈ ಹೆಸರಾದರೂ ಒಳಗೆ ಸಾಲುಸಾಲಾಗಿ ಇನ್ನೂ ಎಷ್ಟೋ ದುಂಡು ಕಂಬಗಳಿವೆ. ಅವುಗಳಿಗೆ ಕೆತ್ತನೆಯಿಲ್ಲ, ಬಣ್ಣವಿಲ್ಲ. ಬರಿಯ ಗಾತ್ರ, ಬರಿಯ ನೆರಳು. ಹೊರಗಿನ ಬಿಸಿಲಿನಿಂದ ಬಂದವರಿಗೆ ಅದೇ ಒಂದು ಸುಖ.

ಅಲ್ಲಿ ತಂದೆಯವರು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. ನಾವು ಯಾದಿಯನ್ನು ತೆಗೆದು, ತರ್ಕಶ ಮಹಲು, ಗಗನ ಮಹಲು, ದಿವಾನ-ಏ-ಆಮ್, ತಖ್ತ ಮಹಲು, ಹಜಾರ ಕೋಠಡಿ, ಸ್ನಾನಗೃಹದಲ್ಲಿರುವ ವಸ್ತುಸಂಗ್ರಹಾಲಯ, ಇಷ್ಟು ಇನ್ನೂ ಉಳಿದಿವೆಯೆಂದು ಓದಿ ಹೇಳಿದೆವು. “ನೀವು ಹೋಗಿ ಬರ್ರಿ. ನಾ ಇಲ್ಲೇ ಕೂಡ್ತೀನಿ,” ಎಂದರು. ಕೋಪದಿಂದ ಹೇಳಿದ್ದಲ್ಲ. “ಅಪ್ಪಾ, ನಿಮಗಾಗೇ ಬಂದೀವಲ್ಲ,” ಎಂದೆವು. ಅದಕ್ಕೆ ಅವರು, “ನನಗಾಗಿ ಬಂದಿದ್ದರ ಆ ಕಾಗದ ಕಿಸೇದಾಗ ಇಡು. ಹದಿನೈದು ಹೆಸರು ನನಗ ಮೊದಲೇ ಬಾಯಿಪಾಠ ಅವ. ಹೆಸರು ಕೇಳಾಕ ಬಂದಿಲ್ಲ ನಾ,” ಎಂದರು.

ಮಾತು ನಾಟಿತು. ಕಣ್ಣು ಚೆನ್ನಾಗಿದ್ದ ನಾವು ಅಂದು ಬೆಳಗಿನಿಂದ ಎಷ್ಟನ್ನು ಕಂಡಿದ್ದೆವು? ಕಂದಕದ ಗೋಡೆಯ ಗುಟ್ಟನ್ನು ಮಗಳು ಹೇಳದಿದ್ದರೆ ನಾವು ಎರಡು ಚಿತ್ರಗಳನ್ನು ತೆಗೆದುಕೊಂಡು ಮುಂದೆ ನಡೆಯುತ್ತಿದ್ದೆವು. ಅವಳಿಗೆ ಅದು ಕಂಡದ್ದು, ಕಾಣದವರೊಬ್ಬರಿಗೆ ಹೇಳಬೇಕಾಗಿದ್ದುದರಿಂದ. ತಪ್ಪು ಹೇಳಬಾರದೆಂಬ ಭಯ ಬಂದ ಕೂಡಲೇ ಮನುಷ್ಯನು ನಿಜವಾಗಿ ನೋಡಲಾರಂಭಿಸುತ್ತಾನೆ.

ಯಾದಿಯು ಕಿಸೆಯನ್ನು ಸೇರಿತು. ಹೊರಗೆ ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ತಾಯಿಯವರು ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಅದ್ದಿ ತಂದೆಯವರ ಬಾಯಿಗೇ ಕೊಟ್ಟರು. ಕಟ್ಟಿದ ಕೈಗಳಿಂದ ಉಣ್ಣಲು ಬರುವಂತಿರಲಿಲ್ಲ. ಮಕ್ಕಳ ಮುಂದೆ ಅವರು ಸಂಕೋಚಪಟ್ಟುಕೊಂಡರೂ ತಾಯಿಯವರು ಲಕ್ಷಿಸಲಿಲ್ಲ.

ಊಟವಾದ ಮೇಲೆ ಒಂದೇ ಸ್ಥಳಕ್ಕೆ ಹೋದೆವು: ಕೆಳಗಿನ ಬಯಲು ಕಾಣುವ ಕೋಟೆಯ ಅಂಚಿಗೆ. ಅಲ್ಲಿ ನೆಲವು ತಟ್ಟನೆ ಕಡಿದು ಕೆಳಕ್ಕಿಳಿದು, ಹೊಲಗಳ ಬಯಲು ದಿಗಂತದವರೆಗೆ ಹಾಸಿದೆ. ಗಾಳಿ ಜೋರಾಗಿ ಬೀಸುತ್ತಿತ್ತು. ಅಲ್ಲಿ ನಿಂತು ತಂದೆಯವರು 1657ರ ಮುತ್ತಿಗೆಯ ಕತೆಯನ್ನು ಹೇಳಿದರು. ಆಗ ಬೀದರವು ವಿಜಾಪುರದ ಆದಿಲಶಾಹರ ಕೈಯಲ್ಲಿತ್ತು. ಕಿಲ್ಲೇದಾರನಾದ ಸಿದ್ದಿ ಮರಜಾನನು ಬಹು ವರುಷಗಳಿಂದ ಕೋಟೆಯನ್ನು ಕಾಯ್ದುಕೊಂಡಿದ್ದ ವೃದ್ಧನು. ದಖ್ಖಣದ ಸುಭೇದಾರನಾಗಿದ್ದ ಔರಂಗಜೇಬನು ಮುತ್ತಿಗೆ ಹಾಕಿದನು. ಕಂದಕಗಳನ್ನು ತುಂಬುತ್ತ ತೋಪುಗಳನ್ನು ಮುಂದೆ ತಂದರೂ ಕೋಟೆ ಸುಲಭವಾಗಿ ಬಗ್ಗಲಿಲ್ಲ. ಕಡೆಗೆ ಬುರುಜಿನಲ್ಲಿದ್ದ ಮದ್ದಿಗೆ ಕಿಡಿ ಬಿದ್ದು ಸ್ಫೋಟವಾಯಿತು. ಸಿದ್ದಿ ಮರಜಾನನೂ ಅವನ ಮಕ್ಕಳೂ ಸುಟ್ಟು ಗಾಯಗೊಂಡರು. ಇಪ್ಪತ್ತೇಳು ದಿನಗಳ ಮುತ್ತಿಗೆಯ ಕೊನೆಗೆ ಆ ವೃದ್ಧನು ಕೋಟೆಯ ಕೀಲಿಕೈಗಳನ್ನು ಕಳಿಸಿಕೊಟ್ಟನು. ಬಳಿಕ ಹೆಚ್ಚು ಕಾಲ ಬದುಕಲಿಲ್ಲ. ಮಗನು ಕೇಳಿದನು: “ಮುತ್ಯಾ, ಹಂಗಾದರ ಕಂದಕ ಸೋತಿಲ್ಲ?” “ಸೋತಿಲ್ಲ. ಒಳಗಿನ ಕಿಡಿ ಕೆಲಸಾ ಮಾಡ್ತು.”

ಸಂಜೆಯ ಗಾಡಿಗೆ ಇನ್ನೂ ಎರಡು ತಾಸು ಇತ್ತು. ಮನೆಯವರಿಗೆ ಬಿದರಿಯ ಕೆಲಸದ ಒಂದು ಕುಂಕುಮದ ಭರಣಿಯನ್ನು ಕೊಳ್ಳಬೇಕೆಂಬ ಆಸೆ ಬಹು ದಿನಗಳದು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಮೇಲೆ ಬೆಳ್ಳಿಯ ಎಳೆಯನ್ನು ಕೂಡಿಸಿ, ಕೊನೆಗೆ ಈ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿದ ನೀರಿನಲ್ಲಿ ಅದ್ದಿದರೆ ಸತುವಿನ ಮೈ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕೋಟೆಯ ಮಣ್ಣಿನಿಂದ ಹೆಸರಾದ ಈ ಕಸುಬಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಪೇಟೆಗೂ ಹೋಗಿ ತಂದೆಯವರ ಮನಸ್ಸಿನಲ್ಲಿದ್ದ ಇನ್ನೊಂದು ಸ್ಥಳಕ್ಕೂ ಹೋಗುವಷ್ಟು ಹೊತ್ತಿರಲಿಲ್ಲ. ಮನೆಯವರೇ, “ಭರಣಿ ಎಲ್ಲಿ ಹೋಗ್ತದ, ಇನ್ನೊಮ್ಮೆ ಬಂದಾಗ ತಗೊಂಡರಾಯ್ತು, ಮದರಸಾಕ್ಕ ಹೋಗೋಣ,” ಎಂದರು. “ಇನ್ನೊಮ್ಮೆ” ಎಂಬ ಆ ಮಾತನ್ನು ಕೇಳಿ ತಂದೆಯವರು ಮುಗುಳ್ನಕ್ಕರು.

ಮಹಮೂದ ಗವಾನನ ಮದರಸಾ ಕೋಟೆಯಿಂದ ನಿಲ್ದಾಣಕ್ಕೆ ಬರುವಾಗ ಊರೊಳಗೆ ಸಿಗುತ್ತದೆ. ಗವಾನನು ಪಾರಸೀ ದೇಶದ ಗೀಲಾನದಿಂದ ವ್ಯಾಪಾರಕ್ಕಾಗಿ ಬಂದು, ತನ್ನ ವಿದ್ಯೆ ಬುದ್ಧಿಗಳಿಂದ ಬಹಮನಿ ರಾಜ್ಯದ ಪ್ರಧಾನಿಯಾದವನು. ಗೋವೆಯನ್ನು ಗೆದ್ದುದು, ಆಡಳಿತವನ್ನು ತಿದ್ದಿದ್ದು ಅವನ ಕೆಲಸ. ಆದರೆ ತನ್ನ ಹೆಸರಿಗಾಗಿ ಅವನು ಕಟ್ಟಿಸಿದ್ದು ಅರಮನೆಯನ್ನಲ್ಲ, ಪಾಠಶಾಲೆಯನ್ನು. 1472ರಲ್ಲಿ ಮುಗಿದ ಈ ಮೂರು ಅಂತಸ್ತಿನ ಕಟ್ಟಡದಲ್ಲಿ ಗುರುಗಳಿಗೂ ಶಿಷ್ಯರಿಗೂ ಇರಲು ಕೋಣೆಗಳು, ಉಪನ್ಯಾಸದ ಹಜಾರಗಳು, ಗ್ರಂಥಭಂಡಾರ ಇದ್ದವು. 1481ರಲ್ಲಿ ಅವನ ವೈರಿಗಳು ಮುದ್ರೆಯೊತ್ತಿದ ಬರಿಯ ಕಾಗದವೊಂದನ್ನು ಮೋಸದಿಂದ ಪಡೆದು, ಅದರ ಮೇಲೆ ಒರಿಸ್ಸಾದ ಅರಸನಿಗೆ ರಾಜದ್ರೋಹದ ಪತ್ರವನ್ನು ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನನ್ನದು, ಬರಹ ನನ್ನದಲ್ಲವೆಂದು ವೃದ್ಧ ಮಂತ್ರಿಯು ಹೇಳಿದರೂ ವಿಚಾರಣೆಯಾಗಲಿಲ್ಲ, ಶಿರಚ್ಛೇದವಾಯಿತು. ನಿಜವು ಗೊತ್ತಾದಾಗ ಸುಲ್ತಾನನು ಪಶ್ಚಾತ್ತಾಪಪಟ್ಟನು. ಮರುವರುಷವೇ ಅವನೂ ತೀರಿಕೊಂಡನು. ರಾಜ್ಯವು ಅಲ್ಲಿಂದ ಒಡೆಯುತ್ತ ಹೋಯಿತು.

ಮದರಸಾದ ಮುಂಭಾಗದ ಅರ್ಧವೂ ಎರಡು ಮಿನಾರುಗಳಲ್ಲಿ ಒಂದೂ 1696ರ ಮದ್ದಿನ ಸ್ಫೋಟದಲ್ಲಿ ಹಾಳಾದವು. ಉಳಿದ ಮಿನಾರು ಸುಮಾರು 131 ಅಡಿ ಎತ್ತರ. ಅದರ ಮೇಲಿನ ಬಣ್ಣದ ಹೆಂಚುಗಳಲ್ಲಿ ನೀಲಿ, ಹಸುರು, ಹಳದಿ, ಬಿಳಿ ಇನ್ನೂ ಅಲ್ಲಲ್ಲಿ ಹತ್ತಿಕೊಂಡಿವೆ. ಪಶ್ಚಿಮದ ಬಿಸಿಲು ಅದರ ಮೇಲೆ ಬಿದ್ದಿತ್ತು. ತಂದೆಯವರು ಅಂಗಳದ ನಡುವೆ ನಿಂತು ತಲೆಯೆತ್ತಿದರು. ಮಗಳು ಹೇಳಲೆಂದು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು.

“ತಡಿ. ಇದು ನನಗ ಕಾಣಸ್ತದ,” ಎಂದರು.

ಕೆಳಗಿನಿಂದ ಮೇಲಕ್ಕೆ, ಒಂದೊಂದು ತುಣುಕಾಗಿ, ಅವರು ಆ ಮಿನಾರನ್ನು ನೋಡಿ ಮುಗಿಸುವವರೆಗೆ ನಾವೆಲ್ಲರೂ ನಿಂತಿದ್ದೆವು.

ಮರಳುವ ಗಾಡಿಯಲ್ಲಿ ಕತ್ತಲಾಯಿತು. ಮಗನು ಅಜ್ಜಿಯ ತೊಡೆಯ ಮೇಲೆ ಮಲಗಿದನು. ಹದಿನೈದರಲ್ಲಿ ಐದು ಸ್ಥಳಗಳನ್ನೂ ನಾವು ನೋಡಿರಲಿಲ್ಲ. ತಖ್ತ ಮಹಲನ್ನು ನೋಡಲಿಲ್ಲ, ಅಷ್ಟೂರಿಗೆ ಹೋಗಲಿಲ್ಲ. ಆದರೂ ಇಷ್ಟು ತುಂಬಿಕೊಂಡು ಮನೆಗೆ ಬಂದ ಪ್ರವಾಸ ನಮ್ಮ ನೆನಪಿನಲ್ಲಿ ಇನ್ನೊಂದಿಲ್ಲ.

ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಇಂಥ ಕೋಟೆಗಳಿಗೆ ಹೋಗುವ ಗೃಹಸ್ಥರಲ್ಲಿ ನಮ್ಮ ಅನುಭವದ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಬಿಸಿಲು ಇಳಿದ ಕಾಲವನ್ನು ಆರಿಸಿಕೊಳ್ಳಿರಿ. ಕೆಂಪುಕಲ್ಲು ಕಾಯ್ದರೆ ನೆರಳಿನಲ್ಲಿಯೂ ಸೆಕೆ. ಕುಡಿಯುವ ನೀರನ್ನು ಬೇಕೆನಿಸಿದ್ದಕ್ಕಿಂತ ಇಮ್ಮಡಿಯಾಗಿ ಒಯ್ಯಿರಿ. ಕಣ್ಣು ಮಂದವಾದವರಿಗೆ ನೆರಳಿನಿಂದ ಬಿಸಿಲಿಗೆ ಬರುವ ಹೊಸ್ತಿಲೇ ಅಪಾಯದ ಸ್ಥಳ. ಅಲ್ಲಿ ಒಬ್ಬರು ಕೈ ಹಿಡಿಯಲಿ. ಯಾದಿಯನ್ನು ಬರೆಯಿರಿ, ಆದರೆ ಅದಕ್ಕೆ ಆಳಾಗಬೇಡಿರಿ. ಮತ್ತು ಮನೆಯಲ್ಲಿ ವಯಸ್ಸಾದವರು “ಒಮ್ಮೆ ನೋಡಬೇಕು” ಎಂದು ಒಂದು ಊರಿನ ಹೆಸರನ್ನು ಹೇಳಿದ್ದರೆ, ಮುಂದಿನ ವರುಷಕ್ಕೆಂದು ಅದನ್ನು ತಳ್ಳಬೇಡಿರಿ.

ಮರುದಿನ ಬೆಳಿಗ್ಗೆ ತಂದೆಯವರು ಟ್ರಂಕಿನ ತಳದಲ್ಲಿದ್ದ ತಮ್ಮ ಹಳೆಯ ಪಾಠದ ಟಿಪ್ಪಣಿಯ ವಹಿಯನ್ನು ತೆಗೆಸಿದರು. ಮೊಮ್ಮಗಳನ್ನು ಕರೆದು, ಬೀದರದ ಪುಟವನ್ನು ಹುಡುಕಿ ಓದೆಂದರು. ಓದುತ್ತ ಓದುತ್ತ ಅವಳು ಕಂದಕದ ಸಾಲಿಗೆ ಬಂದು ನಿಂತಳು. “ಅದನ್ನ ಹೊಡದು ಹಾಕು,” ಎಂದರು ತಂದೆಯವರು, “ಪಕ್ಕದಾಗ ನೀ ನೋಡಿದ್ದು ಬರಿ.” ಅವಳು ಆ ಸಾಲಿನ ಮೇಲೆ ಗೆರೆಯೆಳೆದು ಅಂಚಿನಲ್ಲಿ ತನ್ನ ದುಂಡಗಿನ ಅಕ್ಷರಗಳಲ್ಲಿ ಬರೆದಳು: ನಡುವಿನ ಗೋಡೆಗಳನ್ನು ಕಟ್ಟಿಲ್ಲ, ಕಡಿಯುವಾಗ ಉಳಿಸಿದ್ದಾರೆ.